ಹೊಟ್ಟೆಗೊಂದು ಹೊಲಿಗೆ

ಸೂಜಿ ಬೆರಳೊಳಗೆ ಇಳಿದ ಮೇಲೆಯೇ ನನಗೆ ಎಚ್ಚರವಾದದ್ದು.

ಮಧ್ಯಾಹ್ನದ ಹೊತ್ತು. ತೀರ್ಥಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಮದುವೆ ಹೆಣ್ಣೊಬ್ಬಳ ರವಿಕೆಗೆ ತೋಳು ಕೂಡಿಸುತ್ತಿದ್ದೆ. ಕಾಲು ಪೆಡಲಿನ ಮೇಲಿತ್ತು, ಕೈ ಬಟ್ಟೆಯ ಮೇಲಿತ್ತು, ಕಣ್ಣು ಯಾವಾಗ ಮುಚ್ಚಿತೋ ಗೊತ್ತಿಲ್ಲ. ರೇಷ್ಮೆಯ ಜೊತೆಗೆ ಬೆರಳನ್ನೂ ಹೊಲಿದುಬಿಟ್ಟಿದ್ದೆ. ಸೂಜಿ ಮುರಿದು ತುದಿ ಒಳಗೇ ಉಳಿಯಿತು. ನನ್ನ ಕೂಗು ಕೇಳಿ ಅಡುಗೆಮನೆಯಿಂದ ಓಡಿ ಬಂದ ಅಮ್ಮ ಮೊದಲು ನೋಡಿದ್ದು ಬಟ್ಟೆಯನ್ನು. “ಅಯ್ಯಯ್ಯೋ, ಕಂಡೋರ ರವಿಕೆಗೆ ರಕ್ತ ಮಾಡಿದ್ಯಲ್ಲೇ!” ಎಂದಳು. ಆಮೇಲೆ ನನ್ನ ಬೆರಳು ಹಿಡಿದುಕೊಂಡು ಅತ್ತಳು.

ಹೊಲಿಗೆಯವಳಿಗೆ ಸೂಜಿ ಚುಚ್ಚುವುದು ದೊಡ್ಡ ಸುದ್ದಿಯಲ್ಲ. ಹಾಡುಹಗಲಲ್ಲಿ, ಓಡುವ ಮಿಷನ್ನಿನ ಮುಂದೆ ನಿದ್ದೆ ಬಂದದ್ದು ಸುದ್ದಿ. ಅದೂ ಮೊದಲ ಸಲವಲ್ಲ. ಗಿರಾಕಿಗಳು ಅಳತೆ ಹೇಳುತ್ತಿರುವಾಗ, ಊಟದ ಮಧ್ಯೆ, ಬಸ್ಸಿನಲ್ಲಿ, ಎಲ್ಲೆಂದರಲ್ಲಿ ನಾನು ತೂಕಡಿಸಿ ಬೀಳುತ್ತಿದ್ದೆ. “ತಿಂದದ್ದು ಹೆಚ್ಚಾಗಿದೆ ಇವಳಿಗೆ” ಎನ್ನುತ್ತಿದ್ದರು ಜನ. ನಾನೂ ಹಾಗೇ ಅಂದುಕೊಂಡಿದ್ದೆ.

ಆಗ ನನಗೆ ಇಪ್ಪತ್ತು ವರ್ಷ. ನನ್ನ ಗಾತ್ರದ ವಿಷಯ ಈಗಲೇ ಹೇಳಿಬಿಡುತ್ತೇನೆ. ನನ್ನ ಕೊರಳಲ್ಲಿ ದಿನವಿಡೀ ನೇತಾಡುವ ಅಳತೆ ಟೇಪು ನನ್ನ ಸೊಂಟವನ್ನು ಸುತ್ತಿ ಬರುತ್ತಿರಲಿಲ್ಲ. ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿಯುವವಳು ನನ್ನ ರವಿಕೆಯನ್ನು ಅಂದಾಜಿನ ಮೇಲೆ ಹೊಲಿದುಕೊಳ್ಳುತ್ತಿದ್ದೆ. ಅಪ್ಪಯ್ಯ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟ್. “ಹೊಸನಗರ, ಸಾಗರ, ಹೊಸನಗರ, ಸಾಗರ!” ಎಂದು ಅವರು ಕೂಗಿದರೆ ಹೊಳೆಯ ಆಚೆ ದಡಕ್ಕೂ ಕೇಳುತ್ತಿತ್ತು. ಅವರ ಮಗಳೆಂದು ಕಂಡಕ್ಟರುಗಳು ನನಗೆ ಎರಡು ಸೀಟು ಬಿಡುತ್ತಿದ್ದರು. “ಬಾಗಿಲು ಅಗಲ ಮಾಡ್ರೋ, ಸರೋಜಕ್ಕ ಬಂದ್ಲು” ಎಂದು ಹುಡುಗರು ಕಿಚಾಯಿಸಿದರೆ, “ನಿನ್ನ ಮದುವೆ ದಿಬ್ಬಣಕ್ಕೆ ಬಸ್ಸು ತುಂಬ್ಸೋಕೆ ನಾನೊಬ್ಬಳೇ ಸಾಕು, ಹೆದರ್ಬೇಡ” ಎನ್ನುತ್ತಿದ್ದೆ. ದಪ್ಪಗಿರುವವರು ತಮಾಷೆಯವರು ಎಂದು ಜನ ನಂಬಿದ್ದಾರೆ. ನಾವಾಗಿಯೇ ನಗಿಸದಿದ್ದರೆ ಅವರೇ ನಗುತ್ತಾರೆ, ಅದಕ್ಕೆ ಹಾಗೆ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನನಗೆ ತುಂಬಾ ಬೇಜಾರಾಗುತ್ತಿತ್ತು.

ಊರಿನ ಡಾಕ್ಟರು ಬೆರಳಿನಿಂದ ಸೂಜಿಯ ತುದಿ ತೆಗೆಯುತ್ತಿರುವಾಗ ನಾನು ಅವರ ಕುರ್ಚಿಯಲ್ಲೇ ಮತ್ತೆ ನಿದ್ದೆ ಹೋದೆ. ಅವರು ಇಕ್ಕಳ ಕೆಳಗಿಟ್ಟು ಅಮ್ಮನನ್ನು ಕೇಳಿದರಂತೆ, “ಇವಳು ಗೊರಕೆ ಹೊಡೀತಾಳಾ?”

“ಗೊರಕೆ ಹೊಡೆದ್ರೆ ನಂಗೆ ಸಮಾಧಾನ ಡಾಕ್ಟ್ರೇ,” ಎಂದಳಂತೆ ಅಮ್ಮ. “ಗೊರಕೆ ನಿಂತ್ರೆ ಎದ್ದು ಕೂರ್ತೀನಿ. ಉಸಿರೇ ಇರೂದಿಲ್ಲ ಇವಳಿಗೆ. ತಟ್ಟಿ ತಟ್ಟಿ ಎಬ್ಬಿಸ್ಬೇಕು. ಎರಡು ಮಳೆಗಾಲ ಆಯ್ತು, ನಾನು ಸರಿ ಮಲಗಿಲ್ಲ.”

ಅದು ನನಗೆ ಗೊತ್ತೇ ಇರಲಿಲ್ಲ.

ಡಾಕ್ಟರ ತೂಕದ ಮಿಷನ್ನಿನ ಮುಳ್ಳು ಕೊನೆ ಮುಟ್ಟಿ ನಿಂತುಬಿಟ್ಟಿತು. ಸರಿಯಾದ ತೂಕ ಬೇಕೇ ಬೇಕು ಎಂದರು. ಊರಿನಲ್ಲಿ ನನ್ನನ್ನು ತೂಗಬಲ್ಲದ್ದು ಒಂದೇ, ಅಕ್ಕಿ ಗಿರಣಿಯ ತಕ್ಕಡಿ. ಮೂಟೆ ಇಳಿಸಿ ನನ್ನನ್ನು ನಿಲ್ಲಿಸಿದರು. ಗಿರಣಿಯವನು ಕಲ್ಲು ಸರಿಸಿ ಸರಿಸಿ ನೋಡಿ, ಅಭ್ಯಾಸ ಬಲದಿಂದ ಜೋರಾಗಿ ಕೂಗಿದ: “ಒಂದೂವರೆ ಕ್ವಿಂಟಾಲು, ಮೇಲೆ ಎರಡು ಕೇಜಿ!” ಆಮೇಲೆ ಪಾಪ, ತುಟಿ ಕಚ್ಚಿಕೊಂಡ. ಭತ್ತ ತಂದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಪ್ಪಯ್ಯ ನನ್ನ ಕೈ ಹಿಡಿದು ಹೊರಗೆ ಕರೆತಂದರು.

ಊರಿನ ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು, ಆಗುಂಬೆ ಘಾಟಿ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋದೆವು. ಘಾಟಿಯ ತಿರುವುಗಳಲ್ಲೂ ನಾನು ನಿದ್ದೆಯಲ್ಲೇ ಇದ್ದೆ. ಅಲ್ಲಿನ ಸರ್ಜನ್ ಇಂಗ್ಲೆಂಡಿನಲ್ಲಿ ಕೆಲಸ ಮಾಡಿ ಬಂದವರು. ನಡು ವಯಸ್ಸು, ಸಣಕಲು ಮೈ, ಮಾತು ಕರಾವಳಿಯದು. ರಕ್ತ, ಎಕ್ಸರೇ, ಇಸಿಜಿ ಎಲ್ಲ ಆದ ಮೇಲೆ ನನ್ನನ್ನು ಎದುರು ಕೂರಿಸಿಕೊಂಡು ಕೇಳಿದರು.

“ಊಟ ಕಡಿಮೆ ಮಾಡಿ ನೋಡಿದ್ದೀಯಾ ಮಗಾ?”

“ನೋಡಿದೀನಿ ಸಾರ್. ಸೋಮವಾರ ಉಪವಾಸ, ಗುರುವಾರ ಉಪವಾಸ.”

“ಉಪವಾಸಕ್ಕೆ ಎಂತ ತಿಂತೀ?”

“ಅನ್ನ ಬಿಟ್ಟು ಉಳಿದದ್ದೆಲ್ಲ.”

ಅವರು ನಗಲಿಲ್ಲ. ಹಸಿವಿನ ಬಗ್ಗೆ ಕೇಳಿದರು. ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ಬಾಯಿ ಕಟ್ಟು ಎಂದವರೇ. ಉಂಡು ಕೈ ತೊಳೆದು ಬರುವಷ್ಟರಲ್ಲಿ ಮತ್ತೆ ಹೊಟ್ಟೆ ಕರೆಯುತ್ತದೆ, ಅದು ಚಪಲವಲ್ಲ, ಸಂಕಟ ಎಂದೆ. ಹೇಳುತ್ತಾ ಅತ್ತುಬಿಟ್ಟೆ. “ಚಿಕ್ಕಂದಿನಿಂದ ಹೀಗೇ ಸಾರ್, ನಾನು ಸುಳ್ಳು ಹೇಳ್ತಿಲ್ಲ” ಎಂದೆ. “ನಂಬ್ತೇನೆ” ಎಂದರು. ಆ ಒಂದು ಮಾತಿಗೆ ನಾನು ಅವರಿಗೆ ಇವತ್ತಿಗೂ ಋಣಿ.

ಮೈಯ ಭಾರಕ್ಕೇ ರಾತ್ರಿ ಉಸಿರು ಕಟ್ಟುತ್ತದೆ, ಅದಕ್ಕೇ ಹಗಲೆಲ್ಲ ನಿದ್ದೆ, ತೂಕ ಇಳಿಯಲೇಬೇಕು ಎಂದು ಹೇಳಿ ಆಪರೇಷನ್ನಿನ ವಿಷಯ ತೆಗೆದರು. ಗ್ಯಾಸ್ಟ್ರಿಕ್ ಬೈಪಾಸ್. ಹೊಟ್ಟೆಯ ಮೇಲ್ಭಾಗವನ್ನು ಒಂದು ಪುಟ್ಟ ಚೀಲದಂತೆ ಬೇರೆ ಮಾಡಿ, ಸಣ್ಣ ಕರುಳನ್ನು ಎಳೆದು ತಂದು ಅದಕ್ಕೆ ಕೂಡಿಸುವುದು. ಉಂಡದ್ದು ಆ ಚೀಲದಲ್ಲಿ ಹಿಡಿದಷ್ಟೇ. ತಾವು ಅಂಥದ್ದನ್ನು ಮಾಡಿದ್ದು ಬೆರಳೆಣಿಕೆಯಷ್ಟು, ಈ ಕಡೆ ಇನ್ನೂ ಹೊಸತು ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಅಮ್ಮನಿಗೆ ತಲೆಬುಡ ತಿಳಿಯಲಿಲ್ಲ. ನನಗೆ ತಿಳಿಯಿತು. ಜೇಬು ಕೂಡಿಸುವವಳಿಗೆ ಅದು ತಿಳಿಯದೆ ಇರುತ್ತದೆಯೇ?

“ಹೊಲಿಗೆ ಬಿಟ್ರೆ ಸಾರ್?”

“ಬಿಡ್ಲಿಕ್ಕೂ ಸಾಕು. ಬಿಟ್ರೆ ಒಳಗೆಲ್ಲ ಕೀವು ಆಗ್ತದೆ. ಜೀವಕ್ಕೆ ಅಪಾಯ.”

“ಮಾಡಿಸದಿದ್ರೆ?”

“ಒಂದು ದಿನ ಮಲಗಿದವಳು ಏಳುದಿಲ್ಲ.”

ಅಪ್ಪಯ್ಯನಿಗೆ ತಡೆಯಲಾಗಲಿಲ್ಲ. “ಉಣ್ಣೋ ಹೊಟ್ಟೆ ಕೊಯ್ಸೂದು ಯಾವ ಸೀಮೆ ವೈದ್ಯ ಮಾರಾಯ್ರೆ? ಕಮ್ಮಿ ತಿಂದ್ರಾಯ್ತಪ್ಪ! ಮದುವೆ ಆಗ್ಬೇಕಾದ ಹುಡುಗಿ ಇವಳು” ಎಂದು ಬಸ್ ಸ್ಟ್ಯಾಂಡಿನ ಧ್ವನಿಯಲ್ಲೇ ಕೂಗಿದರು. ನರ್ಸ್ ಬಾಗಿಲಲ್ಲಿ ಇಣುಕಿದಳು. ನನಗೂ ಸಿಟ್ಟು ಬಂತು. “ಅಪ್ಪಯ್ಯ, ನಿದ್ದೇಲಿ ಉಸಿರು ನಿಲ್ತಿರೋದು ನಂದು. ಹೂಂ ಅನ್ನೋಳೂ ನಾನೇ” ಎಂದೆ. ಸರ್ಜನ್ ಕಡೆ ತಿರುಗಿ, “ಮಾಡಿ ಸಾರ್” ಎಂದೆ. ಧೈರ್ಯದಿಂದ ಹೇಳಿದ್ದಲ್ಲ. ಎರಡು ಮಳೆಗಾಲ ನನ್ನ ಪಕ್ಕ ಎದ್ದು ಕೂತ ಅಮ್ಮ ಕಣ್ಣ ಮುಂದೆ ಬಂದಿದ್ದಳು, ಅಷ್ಟೇ.

ಅಪ್ಪಯ್ಯ ಹೊರಗೆ ಹೋಗಿ ಒಂದು ಬೀಡಿ ಸೇದಿ ಬಂದು ಸಹಿ ಹಾಕಿದರು.

ಆಪರೇಷನ್ನಿಗೆ ಮೊದಲು ಸುಮಾರು ದಿನ ವಾರ್ಡಿನಲ್ಲಿ ಇಟ್ಟುಕೊಂಡರು. ಕಟ್ಟುನಿಟ್ಟಿನ ಊಟ. ಶ್ವಾಸಕೋಶ ಗಟ್ಟಿಯಾಗಲೆಂದು ನೀರಿನ ಬಾಟಲಿಗೆ ಕೊಳವೆ ಇಟ್ಟು ಗುಳುಗುಳು ಊದಿಸುತ್ತಿದ್ದರು. ಹೊರಗಿನ ತಿಂಡಿ ಒಂದು ಚೂರೂ ತರುವ ಹಾಗಿರಲಿಲ್ಲ. ಅಮ್ಮ ನನ್ನ ಮಂಚದ ಪಕ್ಕ ಬರಿಗೈಯಲ್ಲಿ ಕೂತಿರುತ್ತಿದ್ದಳು. ಒಲೆಯಿಲ್ಲ, ಪಾತ್ರೆಯಿಲ್ಲ, ಯಾರಿಗೂ ಬಡಿಸುವುದಿಲ್ಲ. ಸೆರಗಿನ ಅಂಚನ್ನು ಮಡಿಚುವುದು, ಬಿಚ್ಚುವುದು. ಕಡೆಗೆ ಪಕ್ಕದ ಮಂಚದ ಮುದುಕಿಗೆ ಆಸ್ಪತ್ರೆಯ ಗಂಜಿ ಕುಡಿಸುವ ಕೆಲಸ ಹಿಡಿದಳು. ಅಂದಿನಿಂದ ಅವಳ ಮುಖ ಸ್ವಲ್ಪ ಗೆಲುವಾಯಿತು.

ಆಪರೇಷನ್ ಟೇಬಲ್ಲಿನ ಎರಡೂ ಬದಿಗೆ ಹಲಗೆ ಕಟ್ಟಿದ್ದರು. “ಬಸ್ಸಲ್ಲೂ ನಂಗೆ ಎರಡು ಸೀಟು” ಎಂದೆ. ಅರಿವಳಿಕೆ ಕೊಡುವ ಡಾಕ್ಟರು ನಕ್ಕರು. ನಗುತ್ತಲೇ ಮುಖಕ್ಕೆ ಮಾಸ್ಕ್ ಇಟ್ಟರು.

ಎಚ್ಚರವಾದಾಗ ಗಂಟಲಲ್ಲಿ ಕೊಳವೆ. ಉಸಿರನ್ನು ಮಿಷನ್ ಆಡಿಸುತ್ತಿತ್ತು. ಹೊಟ್ಟೆಯ ಮೇಲೆ ಯಾರೋ ಬೆಂಕಿ ಹಾಕಿದ ಹಾಗೆ. ಮಾತಾಡಲು ಆಗುವುದಿಲ್ಲ. ಸರೋಜಳ ಬಾಯಿ ಮುಚ್ಚಿದ್ದು ಅದೊಂದೇ ಸಲ ಎಂದು ಅಪ್ಪಯ್ಯ ಈಗಲೂ ಹೇಳುತ್ತಾರೆ. ಆದರೆ ಐಸಿಯು ಬಾಗಿಲ ಹೊರಗೆ ಅವರು ನಿಂತಲ್ಲೇ ನಿಂತಿದ್ದರೆಂದು, ಟೀಗೆ ಕರೆದರೂ ಹೋಗಲಿಲ್ಲವೆಂದು ಅಮ್ಮ ಆಮೇಲೆ ಹೇಳಿದಳು.

ಒಳಗಿನ ಹೊಲಿಗೆ ನಿಂತಿತು. ಹೊರಗಿನದು ಬಿಟ್ಟಿತು. ಎದೆಯ ಕೆಳಗಿನಿಂದ ಹೊಕ್ಕುಳವರೆಗಿನ ಗಾಯ ಕೀವಾಗಿ, ದಿನಾ ಬಿಚ್ಚಿ ತೊಳೆದು ಕಟ್ಟಬೇಕಾಯಿತು. ನೋವಿಗೆ ಮಂಚದ ಕಂಬಿ ಹಿಡಿದುಕೊಂಡು, “ಸಾರ್, ನಾನು ಹೀಗೆ ಹೊಲಿದ್ರೆ ಗಿರಾಕಿಗಳು ವಾಪಸ್ ತಂದು ಮುಖಕ್ಕೆ ಎಸೀತಿದ್ರು” ಎಂದೆ. “ನೀನೂ ವಾಪಸ್ ಬರ್ಲಿಕ್ಕೆ ಉಂಟಲ್ಲ, ಆಗ ಎಸಿ” ಎಂದರು ಸರ್ಜನ್.

ಗಾಯ ಒಣಗಿ ಮನೆಗೆ ಹೊರಟಾಗ ಅವರು ಅಮ್ಮನಿಗೆ ಎರಡು ಮಾತು ಒತ್ತಿ ಹೇಳಿದರು. ಗಟ್ಟಿ ಏನೂ ಕೊಡಬೇಡಿ, ನೀರಾಗಿ ಇಳಿಯುವುದು ಮಾತ್ರ. ಸಕ್ಕರೆ ಬೇಡ. ಅಮ್ಮ ಘಾಟಿ ಹತ್ತುವಾಗ ದಾರಿಯುದ್ದಕ್ಕೂ ಅದನ್ನೇ ಗೊಣಗಿಕೊಳ್ಳುತ್ತಿದ್ದಳು: ಗಟ್ಟಿ ಬೇಡ, ಸಕ್ಕರೆ ಬೇಡ, ಗಟ್ಟಿ ಬೇಡ, ಸಕ್ಕರೆ ಬೇಡ.

ಮನೆಯಲ್ಲಿ ಅಜ್ಜಿ ಕಾಯುತ್ತಿದ್ದಳು. ಅಪ್ಪಯ್ಯನ ತಾಯಿ, ಅರಳಸುರಳಿಯಿಂದ ಬಂದಿದ್ದಳು. ನಮ್ಮ ಕಡೆ ಬಿಸಿಲಲ್ಲಿ ದಣಿದು ಬಂದವರಿಗೆ ಮೊದಲು ಬೆಲ್ಲ ನೀರು ಕೊಟ್ಟೇ ಮಾತು. ಅಜ್ಜಿ ತಂಬಿಗೆಯಲ್ಲಿ ನೀರು, ಪಕ್ಕದಲ್ಲಿ ಜೋನಿ ಬೆಲ್ಲದ ಭರಣಿ ಇಟ್ಟುಕೊಂಡೇ ಕೂತಿದ್ದಳು. ಜೋನಿ ಬೆಲ್ಲವೆಂದರೆ ಅಚ್ಚಿಗೆ ಹಾಕದೆ ಪಾಕವಾಗಿಯೇ ತುಂಬಿಡುವ ಬೆಲ್ಲ, ದೋಸೆಗೆ ಸುರಿದುಕೊಳ್ಳುವುದು.

“ಸಕ್ಕರೆ ಬೇಡ ಅಂದಿದಾರೆ ಅತ್ತೆ” ಎಂದಳು ಅಮ್ಮ.

“ಇದು ಸಕ್ಕರೆ ಎಂತಕ್ಕೆ ಆಗ್ತದೆ? ನಮ್ಮ ಗದ್ದೆ ಕಬ್ಬಿಂದು. ಸಕ್ಕರೆ ಆದ್ರೆ ಉಷ್ಣ, ಪೇಟೆದು. ಗಟ್ಟಿ ಇದ್ಯಾ ನೋಡು, ಸರ್ರ್ ಅಂತ ಇಳೀತದೆ.”

ಅಮ್ಮ ಯೋಚಿಸಿದಳು. ಅಪ್ಪಯ್ಯ ಯೋಚಿಸಿದರು. ಗಟ್ಟಿಯಲ್ಲ, ಸಕ್ಕರೆಯಲ್ಲ. ಡಾಕ್ಟರು ಹೇಳಿದ ಎರಡೂ ಮಾತಿಗೆ ಎಲ್ಲಿಯೂ ತಪ್ಪುವುದಿಲ್ಲ. ಆಸ್ಪತ್ರೆಯ ಸಪ್ಪೆ ತಿಳಿಯನ್ನೇ ನುಂಗಿ ನುಂಗಿ ಬೇಸತ್ತ ನಾನಂತೂ ವಾದ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ. ಅಮ್ಮನೇ ನೀರಿಗೆ ಧಾರಾಳವಾಗಿ ಜೋನಿ ಕದಡಿ, ಏಲಕ್ಕಿ ಉದುರಿಸಿ ಕೊಟ್ಟಳು. ಗುಟುಕು ಗುಟುಕಾಗಿ ಪೂರ್ತಿ ಕುಡಿದೆ. ಆಹಾ, ಏನು ರುಚಿ! ಜೀವ ಬಂದ ಹಾಗಾಯಿತು.

ಸ್ವಲ್ಪ ಹೊತ್ತಿಗೆ ಜೀವ ಹೋಗುವ ಹಾಗಾಯಿತು.

ಎದೆ ಡವಡವ ಹೊಡೆದುಕೊಳ್ಳತೊಡಗಿತು. ಮೈಯೆಲ್ಲ ತಣ್ಣನೆಯ ಬೆವರು. ಹೊಟ್ಟೆಯಲ್ಲಿ ಕಿವುಚಿದ ನೋವು, ಕಣ್ಣಿಗೆ ಕತ್ತಲೆ. “ಅಮ್ಮಾ” ಎಂದು ಗೋಡೆಗೆ ಒರಗಿದವಳು ಹಾಗೇ ಜಾರಿ ಕೂತೆ. ಅಮ್ಮ ಬಿಳಿಚಿಕೊಂಡು, “ಹೊಲಿಗೆ ಬಿಟ್ಟಿತು ಮಾರಾಯ್ರೆ, ಹೊಲಿಗೆ ಬಿಟ್ಟಿತು” ಎಂದಳು. ಅಜ್ಜಿ ಹಣೆ ಹಣೆ ಚಚ್ಚಿಕೊಂಡು ದೇವರ ಹೆಸರೆಲ್ಲ ಹೇಳಿ ಹರಕೆ ಹೊತ್ತಳು. ಅಪ್ಪಯ್ಯ ಚಪ್ಪಲಿ ಹಾಕಿಕೊಳ್ಳದೆ ಓಡಿ ಒಂದು ಅಂಬಾಸಿಡರ್ ತಂದು ಎಲ್ಲರನ್ನೂ ಹತ್ತಿಸಿದರು. ಕಾರಿನಲ್ಲಿ ನನಗೆ ಅನ್ನಿಸಿದ್ದು ಒಂದೇ: ಅಷ್ಟೆಲ್ಲ ದಾಟಿ ಬಂದು ನಮ್ಮ ಮನೆ ಬಾಗಿಲಲ್ಲಿ ಸಾಯುತ್ತೇನಲ್ಲ.

ಊರಿನ ಡಾಕ್ಟರು ನಾಡಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು. “ಏನು ಕೊಟ್ರಿ ಇವಳಿಗೆ?”

“ಏನೂ ಕೊಟ್ಟಿಲ್ಲ ಡಾಕ್ಟ್ರೇ.”

“ಏನೂ ಇಲ್ವಾ?”

“ದೇವರಾಣೆ ಏನೂ ಇಲ್ಲ. ಬೆಲ್ಲ ನೀರು ಅಷ್ಟೇ.”

ನಗಬೇಡಿ. ನಮ್ಮಲ್ಲಿ ಬೆಲ್ಲ ನೀರು ತಿನಿಸಿನ ಲೆಕ್ಕಕ್ಕೆ ಬರುವುದಿಲ್ಲ. ಅದು ಬಂದವರನ್ನು ಬನ್ನಿ ಎನ್ನುವ ಹಾಗೆ, ಅಷ್ಟೇ. ಡಾಕ್ಟರು ಅಂಥ ಆಪರೇಷನ್ ಆದವರನ್ನು ಅದುವರೆಗೆ ನೋಡಿರಲಿಲ್ಲ. ಘಟ್ಟದ ಕೆಳಗಿನ ಆಸ್ಪತ್ರೆಗೆ ಟ್ರಂಕ್ ಕಾಲ್ ಹಾಕಿಸಿದರು. ಲೈನು ಸಿಗುವಷ್ಟರಲ್ಲಿ ನನ್ನ ಬೆವರು ಆರಿ, ಎದ್ದು ಕೂತಿದ್ದೆ. ಸರ್ಜನ್ ಆ ಕಡೆಯಿಂದ ಹೇಳಿದ್ದನ್ನು ಇವರು ಈ ಕಡೆ ಜೋರಾಗಿ ಒಪ್ಪಿಸುತ್ತಿದ್ದರು. ಹೊಲಿಗೆ ಬಿಟ್ಟಿಲ್ಲ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಸಿಹಿ ಒಮ್ಮೆಲೇ ಕರುಳಿಗೆ ಬಿದ್ದರೆ ಹೀಗಾಗುತ್ತದೆ. ಬೆಲ್ಲ ಬೇಡ, ಜೇನು ಬೇಡ, ಕಬ್ಬಿನ ಹಾಲು ಬೇಡ, ಪಾಯಸ ಬೇಡ.

“ಹಂಗಾದ್ರೆ ಉಳಿದದ್ದು ಎಂತ?” ಎಂದಳು ಅಜ್ಜಿ.

ಎಲ್ಲರೂ ನಕ್ಕರು. ಅಮ್ಮ ಮಾತ್ರ ನಗಲಿಲ್ಲ.

ಆ ದಿನದಿಂದ ಅಮ್ಮ ನನಗೆ ಬಡಿಸುವುದನ್ನು ಬಿಟ್ಟಳು. ಪಾತ್ರೆ ಮುಂದಿಟ್ಟು, “ನಿಂಗೆ ಎಷ್ಟು ಬೇಕೋ ನೀನೇ ಹಾಕ್ಕೋ” ಎಂದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಅವಳ ಕೈಯಿಂದ ಮಗಳಿಗೆ ವಿಷ ಹೋಯಿತೆಂಬ ಹೆದರಿಕೆ ಅವಳೊಳಗೆ ಕೂತಿತ್ತು. ನನಗೂ ಹೆದರಿಕೆಯೇ. ಬೇಳೆ ತಿಳಿ ಎರಡು ಚಮಚ ಕುಡಿದು ಸಾಕು ಎನ್ನುತ್ತಿದ್ದೆ. ಬರಬರುತ್ತಾ ಗಂಜಿಗೂ ಹೆದರಿದೆ, ಮೊಸರಿಗೂ ಹೆದರಿದೆ. ಮೈ ಸರಸರ ಇಳಿಯಿತು. ರವಿಕೆಗೆ ಬಂದ ಗಿರಾಕಿಗಳು ಬಾಗಿಲಲ್ಲೇ ನಿಂತು, “ಅಬ್ಬಾ, ಸರೋಜನ್ನ ಗುರ್ತೇ ಸಿಗೂದಿಲ್ವಲ್ಲೇ!” ಎಂದು ಬಾಯಿ ಬಿಡುತ್ತಿದ್ದರು. ನನಗೆ ಸುಖವಾಗುತ್ತಿತ್ತು. ಸುಳ್ಳೇಕೆ ಹೇಳಲಿ, ಬಹಳ ಸುಖವಾಗುತ್ತಿತ್ತು. ಬಾಚಿದರೆ ಕೂದಲು ಹಿಡಿ ಹಿಡಿಯಾಗಿ ಬರುವುದನ್ನು, ಎದ್ದು ನಿಂತರೆ ತಲೆ ಸುತ್ತುವುದನ್ನು, ಪಾದ ಜೋಮು ಹಿಡಿದು ಪೆಡಲು ಎಲ್ಲಿದೆಯೆಂದೇ ತಿಳಿಯದಿರುವುದನ್ನು ಯಾರಿಗೂ ಹೇಳಲಿಲ್ಲ.

ಚೆಕಪ್ಪಿಗೆ ಹೋದಾಗ ಸರ್ಜನ್ ನನ್ನ ಪಾದಕ್ಕೆ ಹತ್ತಿ ಮುಟ್ಟಿಸಿ, “ಗೊತ್ತಾಗ್ತದಾ?” ಎಂದರು. ಗೊತ್ತಾಗಲಿಲ್ಲ.

ಅವರಿಗೆ ಕೋಪ ಬಂದದ್ದನ್ನು ನಾನು ನೋಡಿದ್ದು ಅವತ್ತೇ. “ದಪ್ಪದಿಂದ ಸಾಯುದು ತಪ್ಪಿಸಿದ್ದು ನಾನು. ಈಗ ಹಸಿದು ಸಾಯ್ಲಿಕ್ಕೆ ಹೊರಟಿದ್ದೀಯಾ?” ಎಂದರು. ನರಗಳಿಗೆ ವಿಟಮಿನ್ ಸಾಲದು, ಹೀಗೇ ಬಿಟ್ಟರೆ ನಡೆಯಲಿಕ್ಕೇ ಆಗುವುದಿಲ್ಲ, ಆಮೇಲೆ ಯಾವ ಔಷಧಿಯೂ ನಾಟುವುದಿಲ್ಲ ಎಂದರು. ಇಂಜೆಕ್ಷನ್ ಬರೆದರು. ಬರೆದು ಮುಗಿಸಿ ಅಮ್ಮನ ಕಡೆ ತಿರುಗಿದರು.

“ಮನೆಯಲ್ಲಿ ಇವಳಿಗೆ ಬಡಿಸುವುದು ಯಾರಮ್ಮ?”

ಅಮ್ಮ ತಲೆ ತಗ್ಗಿಸಿದಳು. “ನಂಗೆ ಹೆದರಿಕೆ ಸಾರ್.”

“ಹೆದರಿ. ತೊಂದರೆ ಇಲ್ಲ. ಆದ್ರೆ ಬಡಿಸಿ. ಬೇಳೆ, ಮೊಟ್ಟೆ, ಮೀನು, ಸ್ವಲ್ಪ ಸ್ವಲ್ಪ. ಇವಳು ಒಂದೊಂದು ತುತ್ತೂ ಅಗಿದು ನೀರು ಮಾಡಿ ನುಂಗ್ಬೇಕು. ಎಷ್ಟೇ ಹೊತ್ತಾಗ್ಲಿ, ಮುಗಿಯುವವರೆಗೆ ನೀವು ಎದುರು ಕೂರ್ಬೇಕು. ನನ್ನ ಕೆಲಸ ಮುಗಿದಿದೆ. ಇನ್ನು ಇದು ನಿಮ್ಮ ಕೆಲಸ.”

ಅಮ್ಮ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಆಗುಂಬೆ ದಾಟಿದ ಮೇಲೆ ಕೇಳಿದಳು, “ಹೆಸರುಬೇಳೆ ಸಾರು ಮಾಡ್ಲೇನೇ? ಮೆಣಸು ಕಮ್ಮಿ ಹಾಕಿ?”

“ಮಾಡು” ಎಂದೆ.

ಮರುದಿನದಿಂದ ಹೊಸ ವ್ಯವಸ್ಥೆ. ಉಪ್ಪಿನಕಾಯಿ ಬಡಿಸುವ ಪಿಂಗಾಣಿ ಬಟ್ಟಲು ನನ್ನ ಊಟದ ತಟ್ಟೆಯಾಯಿತು. ಅದರಲ್ಲಿ ಮೆತ್ತಗೆ ಕಿವುಚಿದ ಅನ್ನ, ಸಾರು, ಮೊಟ್ಟೆಯ ಬಿಳಿಭಾಗ. ಅಮ್ಮ ಮೊದಮೊದಲು ಅರ್ಧ ಸೌಟು ಬಡಿಸಿ ನನ್ನ ಮುಖ ನೋಡುತ್ತಿದ್ದಳು. ನಾನು ಒಂದು ತುತ್ತನ್ನು ಎಮ್ಮೆ ಮೆಲುಕು ಹಾಕಿದ ಹಾಗೆ ಅಗಿಯುತ್ತಾ ಕೂರುತ್ತಿದ್ದೆ. ಜೊತೆಯಲ್ಲಿ ಕೂತ ಅಪ್ಪಯ್ಯ ಮೂರು ಸಲ ಬಡಿಸಿಕೊಂಡು, ತೇಗಿ, ಕೈ ತೊಳೆದು, ಸಾಗರದ ಬಸ್ಸಿನ ಹೊತ್ತಾಯಿತೆಂದು ಹೊರಟುಹೋದರೂ ನನ್ನ ಬಟ್ಟಲು ಅರ್ಧವೂ ಇಳಿಯುತ್ತಿರಲಿಲ್ಲ.

ಈಗ ಎಲ್ಲ ಸರಿಹೋಯಿತೆಂದು ಹೇಳಲಾರೆ. ತಿಂಗಳಿಗೊಂದು ಇಂಜೆಕ್ಷನ್ ಜೀವನಪೂರ್ತಿ ಬೇಕು. ಹೊಟ್ಟೆಯ, ತೋಳಿನ ಚರ್ಮ ಜೋತುಬಿದ್ದಿದೆ. ಎಡಗಾಲಿನ ಬೆರಳುಗಳಿಗೆ ಇನ್ನೂ ಪೂರ್ತಿ ಸ್ಪರ್ಶ ಬಂದಿಲ್ಲ. ಒಂದು ತುತ್ತು ಅವಸರ ಮಾಡಿದರೆ ವಾಂತಿ. ಆದರೆ ಮಿಷನ್ನಿನ ಮುಂದೆ ಕಣ್ಣು ತೆರೆದೇ ಇರುತ್ತೇನೆ, ಮಲಗಿದರೆ ಬೆಳಗಿನವರೆಗೆ ಉಸಿರಾಡುತ್ತೇನೆ. ಅಮ್ಮ ಈಗ ಬೇರೆ ಕೋಣೆಯಲ್ಲಿ ಮಲಗುತ್ತಾಳೆ. ಇಷ್ಟು ಸಿಕ್ಕಿದ್ದಕ್ಕೆ ಸರ್ಜನ್ನಿಗೂ ಹರಕೆ ಹೊತ್ತ ಅಜ್ಜಿಗೂ ಕೈ ಮುಗಿಯುತ್ತೇನೆ.

ಮೊನ್ನೆ ಮಧ್ಯಾಹ್ನದ ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಅಮ್ಮ ಊಟ ಮಾಡುತ್ತಿದ್ದದ್ದು ಎಲ್ಲರದ್ದೂ ಆಗಿ, ಒಲೆ ಸಾರಿಸಿ, ಪಾತ್ರೆ ತೊಳೆದ ಮೇಲೆ. ತಣ್ಣಗಾದದ್ದನ್ನೆಲ್ಲ ಒಂದೇ ತಟ್ಟೆಗೆ ಬಳಿದುಕೊಂಡು, ಅರ್ಧ ಕೂತು, ಗಬಗಬ ನುಂಗಿ ಏಳುತ್ತಿದ್ದಳು. ಅವಳು ಊಟ ಮಾಡುವುದನ್ನು ನಾವ್ಯಾರೂ ನೋಡುತ್ತಲೇ ಇರಲಿಲ್ಲ. ಮೊನ್ನೆ ನನ್ನೆದುರು ಕಾಯುತ್ತಾ ಕೂತವಳಿಗೆ, “ಸುಮ್ನೆ ಕೂರೋ ಬದ್ಲು ನೀನೂ ಉಣ್ಣಬಾರ್ದಾ?” ಎಂದೆ. “ಹಂಗಾ ಅಂತೀಯಾ?” ಎಂದು ಸುತ್ತ ನೋಡಿ, ಕಳ್ಳತನ ಮಾಡುವವಳ ಹಾಗೆ ತಟ್ಟೆ ತಂದಳು. ಒಲೆಯ ಮೇಲಿನ ಸಾರನ್ನೇ ಹಾಕಿಕೊಂಡಳು. ನನಗೆ ಜೊತೆಯಾಗಲೆಂದು ನನ್ನ ಹಾಗೇ ನಿಧಾನವಾಗಿ ಅಗಿದಳು. ಎರಡನೆಯ ತುತ್ತಿಗೆ ಅವಳ ಕೈ ನಿಂತಿತು.

“ಎಂತಾಯ್ತಮ್ಮ?”

“ಅಲ್ಲ ಮಾರಾಯ್ತಿ,” ಎಂದಳು, “ಮದುವೆಯಾಗಿ ಬಂದಾಗಿಂದ ಇದನ್ನೇ ಮಾಡ್ತಾ ಇದೀನಿ. ಬಿಸಿ ಇದ್ದಾಗ ಇದು ಹಿಂಗಿರ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡು.”

ಮತ್ತೆ ಒಂದು ಸೌಟು ತಾನೇ ಹಾಕಿಕೊಂಡಳು. ನನ್ನ ಬಟ್ಟಲು ಖಾಲಿಯಾಗಿತ್ತು. ಅವಳು ಮುಗಿಸುವವರೆಗೆ ನಾನು ಎದುರು ಕೂತಿದ್ದೆ.